ಲೆಕ್ಕದ ಪುಸ್ತಕದಿಂದ ಪಾತಾಳದ ಗುಹೆಗೆ: ನಿರ್ದೇಶಕ ಕೆ.ವಿ. ರೆಡ್ಡಿ

ಗಡ್ಡ ಬಿಟ್ಟ ನೇಪಾಳದ ಮಾಂತ್ರಿಕ, ಅರಮನೆಯ ತೋಟಗಾರ್ತಿಯ ಮಗ ರಾಮುಡು, ಬೇಡಿದ್ದನ್ನೆಲ್ಲ ನೀಡುವ ಪುಟ್ಟ ವಿಗ್ರಹ. ಇಷ್ಟನ್ನು ಹೆಸರಿಸಿದರೆ ಸಾಕು, ಬಳ್ಳಾರಿ ನಗರದಲ್ಲಾಗಲಿ, ಸಿರುಗುಪ್ಪ, ಕುರುಗೋಡುಗಳಲ್ಲಾಗಲಿ ಹಳೆಯ ತಲೆಮಾರಿನವರು ‘ಪಾತಾಳ ಭೈರವಿ’ಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಬಿಡುತ್ತಾರೆ. 1951ರ ಮಾರ್ಚ್ 15ರಂದು ತೆರೆಕಂಡ ಆ ಕಪ್ಪು ಬಿಳುಪು ತೆಲುಗು ಚಿತ್ರಕ್ಕೆ ಏಳು ದಶಕಗಳು ಕಳೆದಿವೆ. ನಾಯಕ ಎನ್.ಟಿ. ರಾಮರಾವ್ ಯಾರಿಗೆ ತಾನೇ ಗೊತ್ತಿಲ್ಲ? ಮಾಂತ್ರಿಕನಾದ ಎಸ್.ವಿ. ರಂಗರಾವ್ ಅವರ ಮುಖವಂತೂ ಮರೆಯುವಂಥದ್ದಲ್ಲ. ಆದರೆ ಈ ಮಾಯಾಲೋಕವನ್ನು ಕಟ್ಟಿದ ನಿರ್ದೇಶಕನ ಹೆಸರನ್ನು ಕೇಳಿದರೆ ಅನೇಕರು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಅವರು ಕದಿರಿ ವೆಂಕಟ ರೆಡ್ಡಿ, ಚಿತ್ರರಂಗಕ್ಕೆ ಕೆ.ವಿ. ರೆಡ್ಡಿ.

ಬಳ್ಳಾರಿಯವರ ಪಾಲಿಗೆ ಕೆ.ವಿ. ರೆಡ್ಡಿ ಹೊರಗಿನವರಲ್ಲ. 1912ರ ಜುಲೈ 1ರಂದು ಅವರು ಜನಿಸಿದ ತಾಡಪತ್ರಿ ಅನಂತಪುರ ಜಿಲ್ಲೆಯ ಊರು. ಅನಂತಪುರವನ್ನು ಪ್ರತ್ಯೇಕ ಜಿಲ್ಲೆಯಾಗಿ ರಚಿಸಿದ್ದು 1882ರಲ್ಲಿ. ಅದಕ್ಕೆ ಮುನ್ನ ತಾಡಪತ್ರಿ ಸೀಮೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. 1800ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ, ಕಡಪ, ಕರ್ನೂಲು, ಅನಂತಪುರಗಳ ಈ ಪ್ರದೇಶಕ್ಕೆ ದತ್ತಮಂಡಲವೆಂಬ ಹೆಸರು ಬಂದಿತು. ಆಡಳಿತದ ಕಾಗದಪತ್ರಗಳಿಂದ ಆ ಹೆಸರು ಎಂದೋ ಮರೆಯಾಯಿತು. ಸೋಜಿಗವೆಂದರೆ ತೆಲುಗು ಚಿತ್ರಗಳ ಹಂಚಿಕೆದಾರರ ಬಾಯಲ್ಲಿ ಅದು ‘ಸೀಡೆಡ್’ ಎಂಬ ರೂಪದಲ್ಲಿ ಉಳಿದುಕೊಂಡಿತು. ರಾಜ್ಯಗಳ ಗಡಿ ಎಲ್ಲಿಯೇ ಹಾದುಹೋಗಲಿ, ಸಿನಿಮಾ ವ್ಯಾಪಾರದಲ್ಲಿ ಬಳ್ಳಾರಿ ಈ ಸೀಡೆಡ್ ವಲಯದೊಂದಿಗೇ ಎಣಿಕೆಯಾಗುತ್ತ ಬಂದಿತು.

ಶಾಲೆಯ ಓದನ್ನು ಮುಗಿಸಿ ವೆಂಕಟ ರೆಡ್ಡಿ ಮದರಾಸಿಗೆ ತೆರಳಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ವ್ಯಾಸಂಗ ಮಾಡಿ ಪದವಿ ಪಡೆದರು. ಸಿನಿಮಾಕ್ಕೆ ಅವರನ್ನು ಎಳೆದು ತಂದದ್ದು ಕಲೆಯ ಹಂಬಲಕ್ಕಿಂತ ಹೆಚ್ಚಾಗಿ ಸ್ನೇಹ. ತಾಡಪತ್ರಿಯ ಸಿರಿವಂತ ವರ್ತಕ ಮೂಲಾ ನಾರಾಯಣಸ್ವಾಮಿ ಅವರ ಬಾಲ್ಯದ ಗೆಳೆಯ. ಎಚ್.ಎಂ. ರೆಡ್ಡಿ ಮತ್ತು ಬಿ.ಎನ್. ರೆಡ್ಡಿಯವರು ರೋಹಿಣಿ ಸಂಸ್ಥೆಯ ಮೂಲಕ ‘ಗೃಹಲಕ್ಷ್ಮಿ’ (1938) ಚಿತ್ರವನ್ನು ನಿರ್ಮಿಸಿದಾಗ ವೆಂಕಟ ರೆಡ್ಡಿಯವರಿಗೆ ದೊರೆತದ್ದು ನಗದು ಗುಮಾಸ್ತನ ಕೆಲಸ. ಮುಂದೆ ಬಿ.ಎನ್. ರೆಡ್ಡಿ ಮೂಲಾ ಅವರ ಬೆಂಬಲದೊಂದಿಗೆ ವಾಹಿನಿ ಸಂಸ್ಥೆಯನ್ನು ಕಟ್ಟಿ ‘ವಂದೇಮಾತರಂ’ (1939), ‘ಸುಮಂಗಲಿ’ (1940), ‘ದೇವತ’ (1941) ಚಿತ್ರಗಳನ್ನು ತೆಗೆದರು. ಆಗಲೂ ವೆಂಕಟ ರೆಡ್ಡಿ ಹಣಕಾಸು ಮತ್ತು ನಿರ್ಮಾಣದ ವ್ಯವಸ್ಥೆಯನ್ನೇ ನೋಡಿಕೊಂಡರು. ಒಂದು ದೃಶ್ಯಕ್ಕೆ ಎಷ್ಟು ಫಿಲ್ಮು ಖರ್ಚಾಗುತ್ತದೆ, ಒಂದು ಸೆಟ್ಟು ಎಷ್ಟು ದಿನ ನಿಲ್ಲಬೇಕು, ನಟನೊಬ್ಬ ಬಾರದೆ ಹೋದರೆ ಆಗುವ ನಷ್ಟವೆಷ್ಟು ಎಂಬುದನ್ನು ಲೆಕ್ಕದ ಪುಸ್ತಕದ ಮೂಲಕ ಕಲಿತ ನಿರ್ದೇಶಕರು ನಮ್ಮಲ್ಲಿ ವಿರಳ. ಈ ಶಿಕ್ಷಣವನ್ನು ಅವರು ಕೊನೆಯವರೆಗೆ ಮರೆಯಲಿಲ್ಲ.

1943ರಲ್ಲಿ ಚಿತ್ತೂರು ವಿ. ನಾಗಯ್ಯ ಅವರನ್ನು ನಾಯಕನನ್ನಾಗಿಸಿ ‘ಭಕ್ತ ಪೋತನ’ವನ್ನು ನಿರ್ದೇಶಿಸಿದರು. ಮೊದಲ ಚಿತ್ರವೇ ದೊಡ್ಡ ಗೆಲುವು ಕಂಡಿತು. 1947ರಲ್ಲಿ ಮತ್ತೆ ನಾಗಯ್ಯನವರೊಂದಿಗೆ ‘ಯೋಗಿ ವೇಮನ’ ಬಂದಿತು. 1949ರ ‘ಗುಣಸುಂದರಿ ಕಥ’ದಲ್ಲಿ ಅವರು ಭಕ್ತರ ಚರಿತ್ರೆಯನ್ನು ಬಿಟ್ಟು ಮಾಯಾಮಂತ್ರಗಳ ಕಥನಕ್ಕೆ ಕಾಲಿಟ್ಟರು. ಷೇಕ್ಸ್‌ಪಿಯರನ ಲಿಯರ್ ದೊರೆಯ ಕಥೆಯನ್ನು ನಮ್ಮ ಅಜ್ಜಿಕಥೆಯ ಹದಕ್ಕೆ ಇಳಿಸಿಕೊಟ್ಟವರು ಲೇಖಕ ಪಿಂಗಳಿ ನಾಗೇಂದ್ರ ರಾವ್. ಕೆ.ವಿ. ರೆಡ್ಡಿ ಮತ್ತು ಪಿಂಗಳಿಯವರ ಈ ಜೋಡಿಯೇ ಮುಂದಿನ ಹತ್ತು ಹನ್ನೆರಡು ವರ್ಷ ತೆಲುಗು ಸಿನಿಮಾದ ಕಲ್ಪನಾಲೋಕವನ್ನು ಆಳಿತು.

ಇದರ ನಡುವೆ ಗೆಳೆಯ ಮೂಲಾ ನಾರಾಯಣಸ್ವಾಮಿ ವ್ಯವಹಾರದ ತೊಂದರೆಗಳಿಗೆ ಸಿಲುಕಿ 1950ರಲ್ಲಿ ತೀರಿಕೊಂಡರು. ಅವರು ಹಣ ಹೂಡಿ ಕಟ್ಟಿಸಿದ ವಾಹಿನಿ ಸ್ಟುಡಿಯೋ ಬಿ.ಎನ್. ರೆಡ್ಡಿಯವರ ತಮ್ಮ ಬಿ. ನಾಗಿರೆಡ್ಡಿಯವರ ಆಡಳಿತಕ್ಕೆ ಬಂದಿತು. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ‘ಚಂದಮಾಮ’ವನ್ನು ಆರಂಭಿಸಿದವರು, 1949ರಲ್ಲಿ ಅದರ ಕನ್ನಡ ಆವೃತ್ತಿಯೂ ಹೊರಟಿತ್ತು. ಮಕ್ಕಳಿಗೆ ಕಥೆ ಹೇಳುವ ಮಾಸಪತ್ರಿಕೆಯನ್ನು ನಡೆಸುತ್ತಿದ್ದವರೇ ವಿಜಯಾ ಸಂಸ್ಥೆಯ ಒಡೆಯರೂ ಆಗಿದ್ದರೆಂಬುದು ‘ಪಾತಾಳ ಭೈರವಿ’ಯ ಗುಣವನ್ನು ಅರಿಯಲು ಮುಖ್ಯ. ಮೊದಲ ಚಿತ್ರ ‘ಷಾವುಕಾರು’ (1950) ಮೆಚ್ಚುಗೆ ಗಳಿಸಿತ್ತಾದರೂ ಹಣ ತಂದಿರಲಿಲ್ಲ. ಎರಡನೆಯದಕ್ಕೆ ಅವರು ಕೆ.ವಿ. ರೆಡ್ಡಿಯವರನ್ನು ಆರಿಸಿಕೊಂಡರು.

ಕಥೆಯ ಬೀಜ ಮಧಿರ ಸುಬ್ಬನ್ನ ದೀಕ್ಷಿತರ ‘ಕಾಶೀ ಮಜಿಲೀ ಕಥೆ’ಗಳಲ್ಲಿತ್ತು, ಅರಬ್ಬೀ ಕಥೆಯ ಅಲ್ಲಾವುದ್ದೀನನ ದೀಪದ ನೆರಳೂ ಅದರ ಮೇಲಿದೆ. ಉಜ್ಜಯಿನಿಯ ರಾಜಕುಮಾರಿಯನ್ನು ತೋಟಗಾರ್ತಿಯ ಮಗ ಪ್ರೀತಿಸುತ್ತಾನೆ. ತನಗೆ ಸಮನಾದ ಸಂಪತ್ತನ್ನು ತಂದರೆ ಮಗಳನ್ನು ಕೊಡುವೆನೆಂದು ರಾಜ ಷರತ್ತು ಹಾಕುತ್ತಾನೆ. ಸಂಪತ್ತಿನ ದಾರಿ ತೋರುವ ನೆವದಲ್ಲಿ ಮಾಂತ್ರಿಕನು ಹುಡುಗನನ್ನು ಭೈರವಿಯ ಗುಹೆಗೆ ಕರೆದೊಯ್ಯುತ್ತಾನೆ. ಅವನ ಉದ್ದೇಶ ವೀರ ಯುವಕನೊಬ್ಬನನ್ನು ಬಲಿಕೊಟ್ಟು ವಿಗ್ರಹವನ್ನು ಪಡೆಯುವುದು. ಬಲಿಗೆ ಮುನ್ನ ಮೀಯಲೆಂದು ಕೊಳಕ್ಕೆ ಇಳಿದಾಗ ಮೇಲೆರಗಿದ ಮೊಸಳೆಯನ್ನು ರಾಮುಡು ಕೊಲ್ಲುತ್ತಾನೆ. ಅದು ಶಾಪ ಕಳೆದುಕೊಂಡ ದಿವ್ಯಸ್ತ್ರೀಯಾಗಿ ಎದ್ದು ಗುಟ್ಟನ್ನು ಹೇಳುತ್ತದೆ. ಬಲಿಪೀಠದಲ್ಲಿ ಉರುಳುವುದು ಮಾಂತ್ರಿಕನ ತಲೆ.

ಸಾಧಾರಣ ಕಥೆಗಾರನಾಗಿದ್ದರೆ ಇಲ್ಲಿಗೇ ಮದುವೆ ಮಾಡಿಸಿ ಮುಗಿಸುತ್ತಿದ್ದ. ಆದರೆ ಈ ಚಿತ್ರದ ನಿಜವಾದ ಬಲ ತೋರುವುದು ಆನಂತರದ ಭಾಗದಲ್ಲಿ. ಸತ್ತ ಮಾಂತ್ರಿಕನನ್ನು ಶಿಷ್ಯ ಸದಾಜಪ ಸಂಜೀವಿನಿಯಿಂದ ಬದುಕಿಸುತ್ತಾನೆ. ರಾಜನ ಮೈದುನನ ಕೈಯಿಂದ ವಿಗ್ರಹ ಮಾಂತ್ರಿಕನಿಗೆ ದಕ್ಕುತ್ತದೆ. ಒಂದೇ ಗಳಿಗೆಯಲ್ಲಿ ಅರಮನೆ, ಐಶ್ವರ್ಯ, ರಾಜಕುಮಾರಿ ಎಲ್ಲವೂ ರಾಮುಡುವಿನ ಕೈ ತಪ್ಪುತ್ತವೆ. ಭೈರವಿ ಬಲಿಕೊಟ್ಟವನು ಒಳ್ಳೆಯವನೋ ಕೆಟ್ಟವನೋ ಎಂದು ನೋಡುವುದಿಲ್ಲ. ವಿಗ್ರಹವು ಹಿಡಿದ ಕೈ ಯಾರದೆಂದು ವಿಚಾರಿಸುವುದಿಲ್ಲ. ಮಾಯೆಗೆ ಒಂದು ನಿಯಮವಿದೆ, ಆ ನಿಯಮ ನಾಯಕನಿಗೂ ಖಳನಿಗೂ ಸಮನಾಗಿ ಅನ್ವಯಿಸುತ್ತದೆ. ಈ ನಿಯಮವನ್ನು ಚಿತ್ರ ಎಲ್ಲಿಯೂ ಮುರಿಯುವುದಿಲ್ಲ. ಸುಲಭವಾಗಿ ಬಂದದ್ದು ಅಷ್ಟೇ ಸುಲಭವಾಗಿ ಹೋಗುತ್ತದೆ; ಹಿಂದಕ್ಕೆ ಪಡೆಯಲು ವರವಿಲ್ಲ, ಬುದ್ಧಿ ಮತ್ತು ಎದೆಗಾರಿಕೆ ಮಾತ್ರವೇ ಉಂಟು. ರಾಜಕುಮಾರಿ ಮೆಚ್ಚುವಳೆಂಬ ಆಸೆಗೆ ಬಿದ್ದು ಮಾಂತ್ರಿಕನು ಗಡ್ಡ ಬೋಳಿಸಿಕೊಳ್ಳುವ ಹಾಸ್ಯ ಪ್ರಸಂಗವೂ ಹೀಗೆಯೇ: ನಗುತ್ತಿರುವಾಗಲೇ ಅವನ ಶಕ್ತಿಯೆಲ್ಲ ಆ ಗಡ್ಡದಲ್ಲಿತ್ತೆಂಬುದು ತಿಳಿಯುತ್ತದೆ. ಜಮಾ ಖರ್ಚು ಸರಿದೂಗಿಸಿ ಬರೆದಂಥ ಈ ಚಿತ್ರಕಥೆಯಲ್ಲಿ ಹಳೆಯ ನಗದು ಗುಮಾಸ್ತನ ಕೈ ಕಾಣುವುದಿಲ್ಲವೆ? ಮಗು ನಂಬುವುದು ಅದ್ಭುತವನ್ನು. ದೊಡ್ಡವರು ನಂಬುವುದು ಆ ಅದ್ಭುತದ ಹಿಂದಿನ ಲೆಕ್ಕವನ್ನು. ಒಂದೇ ಚಿತ್ರ ಇಬ್ಬರನ್ನೂ ಹಿಡಿದಿಟ್ಟದ್ದು ಹೀಗೆ.

ಕೆ.ವಿ. ರೆಡ್ಡಿಯವರ ಕಾರ್ಯವಿಧಾನ ಚಿತ್ರರಂಗದಲ್ಲಿ ಹೆಸರಾಗಿತ್ತು. ಸಂಭಾಷಣೆಯ ಕೊನೆಯ ಪದವೂ ಕಾಗದದ ಮೇಲೆ ಇಳಿಯುವವರೆಗೆ ಚಿತ್ರೀಕರಣ ಆರಂಭವಾಗುತ್ತಿರಲಿಲ್ಲ. ಪ್ರತಿ ದೃಶ್ಯ ಎಷ್ಟು ಹೊತ್ತು ನಡೆಯುತ್ತದೆಂಬುದನ್ನು ಗಡಿಯಾರ ಹಿಡಿದು ಅಳೆಯುತ್ತಿದ್ದರು. ಇದು ಬರಿಯ ಜಿಪುಣತನವಲ್ಲ. ಗಣಕಯಂತ್ರವಿಲ್ಲದ ಆ ಕಾಲದಲ್ಲಿ ಒಂದೇ ಚೌಕಟ್ಟಿನಲ್ಲಿ ಇಬ್ಬರು ರಾಮುಡುಗಳನ್ನೋ, ಗಾಳಿಯಲ್ಲಿ ಕರಗುವ ಭೂತವನ್ನೋ ತೋರಿಸಬೇಕೆಂದರೆ ಕ್ಯಾಮೆರಾದ ಒಂದು ಪಾಲನ್ನು ಮರೆಮಾಡಿ ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದ ಪಾಲನ್ನು ಎರಡನೆಯ ಬಾರಿ ಚಿತ್ರಿಸಬೇಕಾಗುತ್ತಿತ್ತು. ಎಣಿಕೆ ತಪ್ಪಿದರೆ ಎಲ್ಲವೂ ಹಾಳು. ಭೌತಶಾಸ್ತ್ರ ಓದಿದ ನಿರ್ದೇಶಕನಿಗೆ ಇಲ್ಲಿ ಜೊತೆಯಾದವರು ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆ. ಪಾತಾಳದ ಗುಹೆಯನ್ನು ಬಾರ್ಟ್ಲೆ ಬೆಳಕಿಗಿಂತ ಕತ್ತಲಿನಿಂದಲೇ ಕಟ್ಟಿದ್ದಾರೆ. ಪ್ಲಾಸ್ಟರಿನ ಬಂಡೆಗಳೆಂಬುದು ಎಲ್ಲಿ ತಿಳಿಯಬಹುದೋ ಅಲ್ಲಿ ನೆರಳು ಬಿದ್ದಿದೆ. ದೇವಿಯ ಮುಖ, ಮಾಂತ್ರಿಕನ ಕಣ್ಣು, ಕತ್ತಿಯ ಅಂಚು ಮಾತ್ರ ಹೊಳೆಯುತ್ತವೆ. ಬಣ್ಣದಲ್ಲಿ ತೆಗೆದಿದ್ದರೆ ಆ ಗುಹೆ ಇಷ್ಟು ಆಳವಾಗಿ ಕಾಣುತ್ತಿರಲಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. 1985ರಲ್ಲಿ ಜಿತೇಂದ್ರ ನಾಯಕನಾಗಿ ಇದೇ ಹೆಸರಿನ ಹಿಂದಿ ಚಿತ್ರ ವರ್ಣಮಯವಾಗಿ ಬಂದಿತ್ತು. ಅದನ್ನು ಮೂಲದೊಡನೆ ಹೋಲಿಸಿ ನೋಡಿದವರಿಗೆ ಈ ಮಾತು ಅರ್ಥವಾದೀತು.

ನಟರ ಆಯ್ಕೆಯಲ್ಲಿಯೂ ಅವರು ಧೈರ್ಯ ತೋರಿದರು. ರಾಮರಾವ್ ಆಗ ಇನ್ನೂ ಹೊಸಬರು. ಟೆನಿಸ್ ಆಟದ ಅಂಗಳದಲ್ಲಿ ಅವರು ಸಿಟ್ಟಿನಿಂದ ಬ್ಯಾಟು ಬೀಸಿದ ಬಗೆಯನ್ನು ಕಂಡೇ ನಿರ್ದೇಶಕರು ತಮ್ಮ ತೋಟರಾಮುಡುವನ್ನು ಗುರುತಿಸಿದರೆಂಬ ಕಥೆ ಮದರಾಸಿನ ಚಿತ್ರರಂಗದಲ್ಲಿ ಪ್ರಚಲಿತವಾಗಿತ್ತು. ನಿಜವೋ ಕಟ್ಟುಕಥೆಯೋ, ಪಾತ್ರಕ್ಕೆ ಬೇಕಾದದ್ದು ರಾಜಠೀವಿಯಲ್ಲ, ದುಡಿಯುವ ಮನೆಯ ಹುಡುಗನ ಮೈಕಟ್ಟು ಎಂಬುದನ್ನು ಅದು ಸರಿಯಾಗಿಯೇ ಹೇಳುತ್ತದೆ. ತಾಯಿಯ ಪಾತ್ರ ವಹಿಸಿದ ಸುರಭಿ ಕಮಲಾಬಾಯಿ 1932ರ ‘ಭಕ್ತ ಪ್ರಹ್ಲಾದ’ದ ನಾಯಕಿ. ರಾಜಕುಮಾರಿಯಾಗಿ ಮಾಲತಿ, ಭೈರವಿಯಾಗಿ ಗಿರಿಜಾ, ಶಿಷ್ಯನಾಗಿ ಪದ್ಮನಾಭಂ, ರಾಜನ ಮೈದುನನಾಗಿ ರೇಲಂಗಿ. ಮುಂದೆ ದಕ್ಷಿಣದ ಮಹಾನಟಿಯೆನಿಸಿದ ಸಾವಿತ್ರಿ ಇದರಲ್ಲಿ ಒಂದು ನೃತ್ಯದಲ್ಲಿ ಮಾತ್ರ ಕಾಣಿಸಿಕೊಂಡಿದ್ದಾರೆ. ಘಂಟಸಾಲ ಅವರ ಸಂಗೀತ ಚಿತ್ರದ ಗೆಲುವಿನಲ್ಲಿ ದೊಡ್ಡ ಪಾಲು ಪಡೆಯಿತು. ತೆಲುಗಿನ ಹಿಂದೆಯೇ ತಮಿಳು, ಅನಂತರ ಹಿಂದಿಯಲ್ಲಿಯೂ ಬಂದ ಚಿತ್ರ 1952ರ ಜನವರಿಯಲ್ಲಿ ಮುಂಬಯಿಯಲ್ಲಿ ಜರುಗಿದ ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಇನ್ನು ಈ ಚಿತ್ರ ಬಳ್ಳಾರಿ ಸೀಮೆಯಲ್ಲಿ ಬೇರೂರಿದ ಬಗೆ. 1951ರಲ್ಲಿ ಬಳ್ಳಾರಿ ಮದರಾಸು ರಾಜ್ಯದ ಜಿಲ್ಲೆ. ಆದೋನಿ, ಆಲೂರು, ರಾಯದುರ್ಗಗಳೂ ಅದರ ತಾಲ್ಲೂಕುಗಳು. ಕನ್ನಡದಲ್ಲಿ ಆಗ ವರ್ಷಕ್ಕೆ ತಯಾರಾಗುತ್ತಿದ್ದುದು ಬೆರಳೆಣಿಕೆಯ ಚಿತ್ರಗಳು. ಅದೇ ವರ್ಷ ಮೈಸೂರಿನಲ್ಲಿ ಡಿ. ಶಂಕರ್ ಸಿಂಗ್ ‘ಜಗನ್ಮೋಹಿನಿ’ಯೆಂಬ ಅದ್ಭುತ ಕಥೆಯನ್ನೇ ಕನ್ನಡದಲ್ಲಿ ತೆರೆಗೆ ತಂದು ಜನರನ್ನು ಮರುಳುಗೊಳಿಸಿದ್ದುಂಟು. ಆದರೆ ಬಳ್ಳಾರಿಯ ತೆರೆಯನ್ನು ವರ್ಷವಿಡೀ ತುಂಬುತ್ತಿದ್ದುದು ಮದರಾಸಿನ ಸ್ಟುಡಿಯೋಗಳ ತೆಲುಗು, ತಮಿಳು ಚಿತ್ರಗಳೇ. ನಗರಕ್ಕೆ ತೆಲುಗು ರಂಗಭೂಮಿಯೂ ಹಳೆಯದು. ಧರ್ಮಾವರಂ ಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸ ರಾಯರು ಇಲ್ಲಿಯೇ ನಾಟಕ ಕಟ್ಟಿದವರು. ಬಳ್ಳಾರಿ ರಾಘವ 1946ರಲ್ಲಿ ತೀರಿಕೊಳ್ಳುವವರೆಗೆ ಕನ್ನಡ, ತೆಲುಗು ಎರಡೂ ಭಾಷೆಯ ಜನರಿಗೆ ಬೇಕಾದ ನಟ. ಪೇಟೆಯ ಪ್ರೇಕ್ಷಕನಿಗೆ ಪಿಂಗಳಿಯವರ ಮಾತುಗಾರಿಕೆ ಹೊಸದೆನಿಸಲಿಲ್ಲ.

ಹಳ್ಳಿಗಳಲ್ಲಿ ಕಾರಣ ಬೇರೆ. ತುಂಗಭದ್ರೆಯ ದಡದ ಸಿರುಗುಪ್ಪದಲ್ಲಿ, ಆಗ ಬಳ್ಳಾರಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕುರುಗೋಡಿನಲ್ಲಿ, ಜನ ಸಿನಿಮಾಕ್ಕೆ ಮುನ್ನವೇ ಕತ್ತಲಲ್ಲಿ ಬೆಳಗುವ ಬಿಳಿ ಪರದೆಯನ್ನು ಬಲ್ಲವರು. ತೊಗಲುಗೊಂಬೆಯಾಟದವರು ಆ ಪರದೆಯ ಮೇಲೆ ರಾಕ್ಷಸರನ್ನು ಕುಣಿಸುತ್ತಿದ್ದರು. ಮಾಂತ್ರಿಕನು ರಾಣಿಯನ್ನು ಹೊತ್ತೊಯ್ಯುವ ಬಾಲನಾಗಮ್ಮನ ಕಥೆ ಬುರ್ರಕಥೆಯಲ್ಲಿ ಇಡೀ ರಾತ್ರಿ ನಡೆಯುತ್ತಿತ್ತು. ಮನೆಯಲ್ಲಿ ತೆಲುಗು ಆಡಿ ಅಂಗಳದಲ್ಲಿ ಕನ್ನಡ ಹಾಡುತ್ತಿದ್ದ ಬುಡ್ಗ ಜಂಗಮರ ಕಲಾವಿದೆ ದರೋಜಿ ಈರಮ್ಮ 2014ರಲ್ಲಿ ತೀರಿಕೊಳ್ಳುವವರೆಗೆ ಆ ಕಾವ್ಯ ಅವರ ನಾಲಗೆಯ ಮೇಲಿತ್ತು. ಹೀಗಾಗಿ ಟೆಂಟು ಸಿನಿಮಾದಲ್ಲಿ ಮರಳ ಮೇಲೆ ಕುಳಿತವನಿಗೆ ನೇಪಾಳದ ಮಾಂತ್ರಿಕ ಪರಿಚಿತನೇ. ಭಾಷೆ ಅರ್ಧ ತಿಳಿದರೂ ಕಥೆ ಪೂರ್ತಿ ತಿಳಿಯುತ್ತಿತ್ತು.

1953ರ ಅಕ್ಟೋಬರ್ 1ರಂದು ಜಿಲ್ಲೆ ಎರಡಾಯಿತು. ಬಳ್ಳಾರಿ, ಸಿರುಗುಪ್ಪ ಮೊದಲಾದ ಏಳು ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ, ಆದೋನಿ, ಆಲೂರು, ರಾಯದುರ್ಗಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಈ ಜಿಲ್ಲೆ ಕನ್ನಡ ನಾಡಿಗೆ ಸೇರಬೇಕೆಂದು ದೀರ್ಘವಾಗಿ ಹೋರಾಡಿದವರ ತ್ಯಾಗ ಚಿಕ್ಕದಲ್ಲ. ಆ ಹೋರಾಟದ ಬಿಸಿ ಆರುವ ಮುನ್ನವೇ ತುಂಗಭದ್ರಾ ಕಾಲುವೆಯ ನೀರು ಹರಿದು, ಕರಾವಳಿ ಆಂಧ್ರದ ರೈತರು ಬಂದು ಸಿರುಗುಪ್ಪ, ಕುರುಗೋಡುಗಳ ಸುತ್ತ ಕ್ಯಾಂಪುಗಳಲ್ಲಿ ನೆಲೆಸಿದರು. ತೆಲುಗು ಚಿತ್ರಕ್ಕೆ ಸಿಗುವ ತೆರೆಯಷ್ಟು ಕನ್ನಡ ಚಿತ್ರಕ್ಕೆ ಬಳ್ಳಾರಿಯಲ್ಲಿ ಸಿಗುವುದಿಲ್ಲವೆಂಬ ದೂರು ಅಂದಿನಿಂದ ಇಂದಿನವರೆಗೆ ಕೇಳಿಬರುತ್ತಿದೆ, ಅದರಲ್ಲಿ ಸತ್ಯಾಂಶವೂ ಇದೆ. ‘ಪಾತಾಳ ಭೈರವಿ’ಯನ್ನು ಮಾತ್ರ ಈ ತಕರಾರಿಗೆ ಎಳೆತಂದವರು ಕಡಿಮೆ. ಗಡಿ ಬೀಳುವುದಕ್ಕೆ ಮುಂಚೆಯೇ ಬಂದ ಕಥೆಯದು. ಕನ್ನಡದ ಮನೆಗಳಲ್ಲಿ ಅಜ್ಜಿಯರು ಅದನ್ನು ಕನ್ನಡದಲ್ಲಿಯೇ ಹೇಳಿದರು.

ಕೆ.ವಿ. ರೆಡ್ಡಿಯವರ ಅತ್ಯುತ್ತಮ ವರ್ಷಗಳೂ ಇವೇ. ಪಟ್ಟಣದ ಗಣ್ಯರ ಕಪಟವನ್ನು ಬಯಲಿಗೆಳೆದ ‘ಪೆದ್ದಮನುಷುಲು’ (1954) ರಾಷ್ಟ್ರಪತಿಗಳ ಬೆಳ್ಳಿ ಪದಕ ಪಡೆಯಿತು. 1957ರ ‘ಮಾಯಾಬಜಾರ್’ ಬಗ್ಗೆ ಹೇಳಬೇಕಾದುದೇನೂ ಉಳಿದಿಲ್ಲ. 2013ರಲ್ಲಿ ಸಿಎನ್ಎನ್-ಐಬಿಎನ್ ವಾಹಿನಿ ನಡೆಸಿದ ಜನಮತದಲ್ಲಿ ಭಾರತದ ಶ್ರೇಷ್ಠ ಚಿತ್ರವೆಂದು ಆಯ್ಕೆಯಾದದ್ದು ಅದೇ. 1961ರಲ್ಲಿ ‘ಜಗದೇಕ ವೀರುನಿ ಕಥ’ದೊಂದಿಗೆ ಮತ್ತೆ ಅದ್ಭುತ ಕಥನಕ್ಕೆ ಮರಳಿ ಗೆದ್ದರು.

1965ರಲ್ಲಿ ಅವರು ಹರಿಶ್ಚಂದ್ರನ ಕಥೆಯನ್ನು ಕೈಗೆತ್ತಿಕೊಂಡರು. ತೆಲುಗಿನಲ್ಲಿ ರಾಮರಾವ್ ಮತ್ತು ಎಸ್. ವರಲಕ್ಷ್ಮಿಯವರೊಂದಿಗೆ ತಾವೇ ನಿರ್ದೇಶಿಸಿದರು. ಕನ್ನಡದಲ್ಲಿ ತಾವು ನಿರ್ಮಾಪಕರಾಗಿ ನಿಂತು ನಿರ್ದೇಶನವನ್ನು ಹುಣಸೂರು ಕೃಷ್ಣಮೂರ್ತಿಯವರಿಗೆ ವಹಿಸಿದರು. ಡಾ. ರಾಜಕುಮಾರ್, ಪಂಢರಿಬಾಯಿ, ವಿಶ್ವಾಮಿತ್ರನಾಗಿ ಉದಯಕುಮಾರ್, ನಕ್ಷತ್ರಿಕನಾಗಿ ನರಸಿಂಹರಾಜು, ವೀರಬಾಹುವಾಗಿ ಎಂ.ಪಿ. ಶಂಕರ್ ಅಭಿನಯಿಸಿದ ‘ಸತ್ಯ ಹರಿಶ್ಚಂದ್ರ’ ನಾಡಿನಾದ್ಯಂತ ಜಯಭೇರಿ ಹೊಡೆಯಿತು. ತೆಲುಗಿನ ಚಿತ್ರ ಸೋತಿತು. ಹರಿಶ್ಚಂದ್ರನ ಕಥೆಯನ್ನು ಕಾವ್ಯವಾಗಿ ಹಾಡಿದ ರಾಘವಾಂಕ ಹಂಪೆಯವನು. ಆ ಕಥೆ ಕನ್ನಡದವರಿಗೆ ಎಷ್ಟು ಹತ್ತಿರದ್ದೆಂಬುದನ್ನು ಬೇರೆ ಹೇಳಬೇಕಿಲ್ಲ. ಜೀವಮಾನವಿಡೀ ತೆಲುಗಿನಲ್ಲಿ ದುಡಿದ ನಿರ್ದೇಶಕನಿಗೆ ಆ ಹೊತ್ತಿನಲ್ಲಿ ಗೆಲುವು ಒದಗಿದ್ದು ಕನ್ನಡದಿಂದ.

ಆನಂತರದ ದಾರಿ ಇಳಿಜಾರಿನದು. ‘ಉಮಾ ಚಂಡೀ ಗೌರೀ ಶಂಕರುಲ ಕಥ’, ‘ಭಾಗ್ಯಚಕ್ರಂ’ ಎರಡೂ 1968ರಲ್ಲಿ ಬಂದು ನೆಲಕಚ್ಚಿದವು. ಪ್ರೇಕ್ಷಕರ ಅಭಿರುಚಿ ಬದಲಾಗಿತ್ತು. ಕಾಗದದ ಮೇಲೆ ಕೊನೆಯ ಪದದವರೆಗೆ ಸಿದ್ಧಪಡಿಸುವ ನಿಧಾನಕ್ಕೆ ಕಾಯುವ ನಿರ್ಮಾಪಕರೂ ಇರಲಿಲ್ಲ. ಆದರೆ ದೋಷವೆಲ್ಲ ಕಾಲದ್ದೇ ಎನ್ನಲಾಗದು. ಹಳೆಯ ಚಿತ್ರಗಳಲ್ಲಿ ಮಾಯೆಯಷ್ಟೇ ಸಜೀವವಾಗಿದ್ದ ಮನುಷ್ಯರು ಕೊನೆಯ ಚಿತ್ರಗಳಲ್ಲಿ ಬೊಂಬೆಗಳಂತೆ ಕಾಣುತ್ತಾರೆ. ಲೆಕ್ಕ ಹಾಗೆಯೇ ಉಳಿದು ಜೀವ ಸೋರಿಹೋಗಿತ್ತು. ಅವರ ಕೈಯಲ್ಲಿ ಬೆಳೆದ ರಾಮರಾವ್ ಅವರೇ ನಿರ್ಮಾಪಕರಾಗಿ ‘ಶ್ರೀಕೃಷ್ಣ ಸತ್ಯ’ದ (1971) ನಿರ್ದೇಶನವನ್ನು ಅವರಿಗೆ ಒಪ್ಪಿಸಿದರು. ಅದೇ ಕೊನೆಯ ಚಿತ್ರ. 1972ರ ಸೆಪ್ಟೆಂಬರ್ 15ರಂದು, ಅರವತ್ತನೆಯ ವಯಸ್ಸಿನಲ್ಲಿ, ಕೆ.ವಿ. ರೆಡ್ಡಿ ನಿಧನರಾದರು.

‘ಮಾಯಾಬಜಾರ್’ ಕಾಲದಿಂದ ಅವರ ಸಹಾಯಕರಾಗಿದ್ದ ಸಿಂಗೀತಂ ಶ್ರೀನಿವಾಸ ರಾವ್ ಮುಂದೆ ಕನ್ನಡಕ್ಕೆ ಬಂದು ‘ಹಾಲು ಜೇನು’, ‘ಚಲಿಸುವ ಮೋಡಗಳು’ (1982), ‘ಆನಂದ್’ (1986) ಚಿತ್ರಗಳನ್ನು ನಿರ್ದೇಶಿಸಿದರು. ಗುರುವಿನ ಮಾಂತ್ರಿಕ ಲೋಕಕ್ಕೆ 1994ರಲ್ಲಿ ‘ಭೈರವದ್ವೀಪಂ’ ಮೂಲಕ ಹಿಂದಿರುಗಿದರು. 2008ರಲ್ಲಿ ಕನ್ನಡದ ‘ಸತ್ಯ ಹರಿಶ್ಚಂದ್ರ’ ಬಣ್ಣ ತಳೆದು ಮರುಬಿಡುಗಡೆಯಾಯಿತು, 2010ರಲ್ಲಿ ‘ಮಾಯಾಬಜಾರ್’. ಪಾತಾಳದ ಗುಹೆಯನ್ನು ಜನ ಇಂದಿಗೂ ಬಾರ್ಟ್ಲೆಯವರ ಕಪ್ಪು ಬಿಳುಪಿನಲ್ಲಿಯೇ ನೋಡುತ್ತಿದ್ದಾರೆ; ಕ್ಯಾಂಪಿನ ಮಕ್ಕಳು ಮೊಬೈಲಿನ ಪುಟ್ಟ ಪರದೆಯಲ್ಲಿ, ಗಡ್ಡ ಬೋಳಿಸುವ ದೃಶ್ಯವನ್ನು ಎರಡೆರಡು ಬಾರಿ ಹಾಕಿಕೊಂಡು.